ಎರಡನೆಯ ಬ್ಯಾಟರಿ ಮತ್ತು ಒಂದು ತಂಬಿಗೆ ಮಜ್ಜಿಗೆ

ವಿಜಯಪುರದ ಬೇಸಿಗೆಯಲ್ಲಿ ದೂರದ ಪ್ರವಾಸಕ್ಕೆ ಹೊರಟಾಗ ಮಜ್ಜಿಗೆ ಹುಳಿಯಾಗಬಾರದೆಂಬ ಒಂದೇ ಆಸೆಯಿಂದ ನಮ್ಮ ಜೀಪಿಗೆ 100 ಆಂಪಿಯರ್-ಅವರ್‌ನ ಎರಡನೆಯ ಬ್ಯಾಟರಿಯನ್ನೂ ಒಂದು ಸಣ್ಣ ಫ್ರಿಜ್ಜನ್ನೂ ನಾನೇ ಕೂಡಿಸಿದ್ದೆ. ರೊಟ್ಟಿಗೂ ಶೇಂಗಾ ಚಟ್ನಿಗೂ ಫ್ರಿಜ್ಜು ಬೇಕಿಲ್ಲವೆಂದು ಅವ್ವ ಹೇಳಿದ್ದು ನಿಜವೇ ಆದರೂ ಮಜ್ಜಿಗೆಯ ವಿಷಯ ಬೇರೆ.

ಕೂಡಲಸಂಗಮದಲ್ಲಿ ಮಧ್ಯಾಹ್ನ ಗಾಡಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಫ್ರಿಜ್ಜು ಬಂದ್ ಆಯಿತು. ಬ್ಯಾಟರಿಯನ್ನು ಬೈದುಕೊಳ್ಳುತ್ತಲೇ ಮನೆಗೆ ಬಂದು ಮೀಟರ್ ಹಿಡಿದು ನೋಡಿದರೆ, ಬ್ಯಾಟರಿಯ ತುದಿಯಲ್ಲಿ 12.5 ವೋಲ್ಟ್ ಇದ್ದದ್ದು, ಕಂಪ್ರೆಸರ್ 5 ಆಂಪಿಯರ್ ಎಳೆಯುವಾಗ ಹಿಂದಿನ ಸಾಕೆಟ್ಟಿನಲ್ಲಿ 11.6ಕ್ಕೆ ಇಳಿದಿತ್ತು, ಬ್ಯಾಟರಿ ಖಾಲಿಯಾಯಿತೆಂದು ತಿಳಿದ ಫ್ರಿಜ್ಜು ತನ್ನ ರಕ್ಷಣಾ ಮಿತಿಯಂತೆ ತಾನೇ ನಿಂತಿತ್ತು. ತಪ್ಪು ನನ್ನದು. ಮನೆಯಲ್ಲಿ ಉಳಿದಿದ್ದ 1 ಚದರ ಮಿಲಿಮೀಟರಿನ ವಾಯರನ್ನೇ ಐದು ಮೀಟರ್ ಎಳೆದಿದ್ದೆ; ಅಷ್ಟು ತೆಳು ವಾಯರಿನಲ್ಲೇ ವೋಲ್ಟ್ ಕಳೆದುಹೋಗುತ್ತಿತ್ತು.

“ಹತ್ತಿ ಬತ್ತಿಯಂಥಾ ವಾಯರಿನಾಗ ಕರೆಂಟ್ ಹೆಂಗ ಹೋಗಬೇಕ್ರೀ ಸರ?” ಎಂದು ನಕ್ಕ ಗ್ಯಾರೇಜಿನ ಕಾಕಾ 6 ಚದರ ಮಿಲಿಮೀಟರಿನ ತಾಮ್ರದ ವಾಯರನ್ನು ಎಳೆಸಿ, ಬ್ಯಾಟರಿಯ ಮಗ್ಗುಲಲ್ಲೇ 15 ಆಂಪಿಯರ್ ಫ್ಯೂಜು ಕೂಡಿಸಿದರು. ಫ್ಯೂಜು ಫ್ರಿಜ್ಜಿನ ಬಳಿ ಇದ್ದರೆ, ನಡುವೆ ವಾಯರು ತಗಡಿಗೆ ಉಜ್ಜಿ ಶಾರ್ಟ್ ಆದಾಗ ಅದು ಏನನ್ನೂ ರಕ್ಷಿಸುವುದಿಲ್ಲ. ಎಂಜಿನ್ ಓಡುವಾಗ ಎರಡನೆಯ ಬ್ಯಾಟರಿಯನ್ನು ಚಾರ್ಜ್ ಮಾಡಿ, ಎಂಜಿನ್ ನಿಂತಾಗ ಸ್ಟಾರ್ಟಿಂಗ್ ಬ್ಯಾಟರಿಯನ್ನು ಬೇರ್ಪಡಿಸುವ ಡಿಸಿ-ಡಿಸಿ ಚಾರ್ಜರ್ ಮಾತ್ರ ಮೊದಲಿನಿಂದಲೂ ಸರಿಯಾಗಿತ್ತು. ಸಾವಿರಾರು ರೂಪಾಯಿಯ ಸಾಮಾನು ತಂದವನು ವಾಯರಿನಲ್ಲಿ ಏಕೆ ಜಿಪುಣನಾದೆನೋ!

ಈಗ ಅದೇ ಸಾಕೆಟ್ಟಿನಲ್ಲಿ ಮೀಟರು 12.3 ತೋರಿಸುತ್ತಿದೆ, ಮಜ್ಜಿಗೆಯ ತಂಬಿಗೆಯ ಹೊರಮೈ ಬೆವರಿದೆ.