ಆಗುಂಬೆ ಘಾಟಿಯಲ್ಲಿ ಎರಡು ಎಂಜಿನ್

ಎಮ್ಮೆ ಕೊಳ್ಳಲು ಹೋದವರು ಹಾಲಿನ ಲೆಕ್ಕ ವಿಚಾರಿಸುವ ಹಾಗೆ, ನಮ್ಮ ಅಪ್ಪಯ್ಯ ಯಾವ ಕಾರು ಕಂಡರೂ ‘ಎಷ್ಟು ಕೊಡುತ್ತದೆ?’ ಎಂದೇ ಕೇಳುವುದು. ಅವರ ಹಳೆಯ ಮಾರುತಿ 800ರಲ್ಲಿ ಸದಾ ಒಂದು ನೋಟ್‌ಬುಕ್ ಇರುತ್ತಿತ್ತು. ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ದಿನ, ಎಷ್ಟು ಲೀಟರ್ ಹಿಡಿಸಿತು, ಮೀಟರ್ ಎಷ್ಟಿತ್ತು, ಎಲ್ಲವೂ ಅದರಲ್ಲಿ ಬರೆದಿರುತ್ತಿತ್ತು. 796 ಸಿಸಿಯ, ನಲವತ್ತು ಅಶ್ವಶಕ್ತಿಯೂ ಇಲ್ಲದ ಆ ಗಾಡಿಯಲ್ಲಿ ನಾವು ತೀರ್ಥಹಳ್ಳಿಗೂ ಉಡುಪಿಗೂ ಓಡಾಡಿದೆವು. ಸೋಮೇಶ್ವರ ದಾಟಿ ಘಾಟಿ ಶುರುವಾಯಿತೆಂದರೆ ಎಸಿ ಆಫ್, ಕಿಟಕಿ ಕೆಳಗೆ.

ಹಾಗಾಗಿ ಹೊಸ ಕಾರಿನ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಅಪ್ಪಯ್ಯ ಮೈಲೇಜಿನ ಕಡೆ, ನಾನು ಶಕ್ತಿಯ ಕಡೆ. ನಮ್ಮ ಮುಂದೆ ಇದ್ದದ್ದು ಎರಡು ಗಾಡಿ. ಒಂದು 1,197 ಸಿಸಿಯ ಸಾಧಾರಣ ಪೆಟ್ರೋಲ್ ಎಂಜಿನ್: 90 ಅಶ್ವಶಕ್ತಿ, 113 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಇನ್ನೊಂದು 998 ಸಿಸಿಯ ಟರ್ಬೊ, ಎಂದರೆ ಒಳಗೆ ಗಾಳಿಯನ್ನು ಒತ್ತಿ ತುಂಬುವ ಎಂಜಿನ್: 120 ಅಶ್ವಶಕ್ತಿ, 172 ನ್ಯೂಟನ್ ಮೀಟರ್. ಚಿಕ್ಕ ಎಂಜಿನ್ನಿಗೇ ಹೆಚ್ಚು ಶಕ್ತಿ. ಅಂದಹಾಗೆ, ನಮ್ಮ ದೇಶದಲ್ಲಿ ಇಷ್ಟೊಂದು ಕಾರುಗಳು 1,197 ಅಥವಾ 1,199 ಸಿಸಿಯಲ್ಲೇ ಬಂದು ನಿಲ್ಲುವುದಕ್ಕೆ ಯಂತ್ರವಿಜ್ಞಾನ ಕಾರಣವಲ್ಲ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 2006ರ ಬಜೆಟ್‌ನಿಂದ ಈಚೆಗೆ ತೆರಿಗೆ ಕಡಿಮೆ. ನಮ್ಮ ಎಂಜಿನ್ನುಗಳ ಅಳತೆಯನ್ನು ಅರ್ಧದಷ್ಟು ತೀರ್ಮಾನಿಸುವುದು ಹಣಕಾಸು ಇಲಾಖೆಯೇ ಎನ್ನಬಹುದು.

ಶೋರೂಮಿನವರ ಟೆಸ್ಟ್ ಡ್ರೈವ್ ಎಂದರೆ ಹೆದ್ದಾರಿಯಲ್ಲಿ ಒಂದು ಸುತ್ತು. ಸಮತಟ್ಟಾದ ನಾಲ್ಕು ಪಥದ ರಸ್ತೆಯಲ್ಲಿ ಇಬ್ಬರೇ ಕುಳಿತು ಓಡಿಸಿದರೆ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ‘ಆಗುಂಬೆ ಹತ್ತಿಸಿ ನೋಡಬೇಕು’ ಎಂದೆ. ಅಲ್ಲಿನ ಹುಡುಗ ತಲೆ ಕೆರೆದುಕೊಂಡು ಒಳಗೆ ಹೋಗಿ ಬಂದು, ‘ಪೆಟ್ರೋಲ್ ನೀವೇ ಹಾಕಿಸುವುದಾದರೆ ಬರುತ್ತೇನೆ ಸರ್’ ಎಂದ. 1,197 ಸಿಸಿಯ ಗಾಡಿಯನ್ನು ಹುಡುಕಬೇಕಾಗಿರಲಿಲ್ಲ, ಅದೇ ಗಾಡಿ ಭಾವನ ಬಳಿ ಇತ್ತು. ಭಾನುವಾರ ಬೆಳಿಗ್ಗೆ ಎರಡೂ ಕಾರು ಹೆಬ್ರಿ ದಾರಿ ಹಿಡಿದವು.

ಮೊದಲು ಭಾವನ ಕಾರಿನಲ್ಲಿ ನಾವು ಐದು ಜನ: ಅಪ್ಪಯ್ಯ, ಅಮ್ಮ, ಹೆಂಡತಿ, ಮಗಳು, ನಾನು. ಭಾವ ಶೋರೂಮಿನ ಹುಡುಗನ ಜೊತೆ ಹಿಂದಿನ ಗಾಡಿಯಲ್ಲಿ ಬಂದರು. ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ಪ್ರತಿ ತಿರುವಿನಲ್ಲೂ ಗಾಡಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಅಲ್ಲಿಂದ ಮತ್ತೆ ಎಬ್ಬಿಸಬೇಕು. ಕಾಗದದ ಮೇಲಿನ 90 ಅಶ್ವಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದಾಗ. ಟಾರ್ಕ್ ಪೂರ್ತಿ ಬರುವುದೂ 4,400ರಲ್ಲಿ. ತಿರುವಿನಿಂದ ಹೊರಬರುವಾಗ ಸುತ್ತು ತೋರಿಸುವ ಮೀಟರಿನ ಮುಳ್ಳು ಇರುವುದು ಸಾವಿರದೈನೂರರ ಆಸುಪಾಸಿನಲ್ಲಿ. ಆದರೂ ಗಾಡಿ ಎರಡನೇ ಗೇರಿನಲ್ಲಿ ತಡವರಿಸದೆ ಎದ್ದಿತು, ನಿಧಾನವಾಗಿ, ಒಂದೇ ಹದದಲ್ಲಿ. ತೊಂದರೆ ಬಂದದ್ದು ಎರಡು ತಿರುವುಗಳ ನಡುವೆ. ಮೂರಕ್ಕೆ ಹಾಕಿದರೆ ಎಳೆತ ಸತ್ತಂತೆ, ಎರಡರಲ್ಲೇ ಬಿಟ್ಟರೆ ಮುಳ್ಳು ಮೂರೂವರೆ ಸಾವಿರ ದಾಟಿ ಎಂಜಿನ್ ಗೊರಗುಟ್ಟಿತು. ಅಮ್ಮ ‘ಇದಕ್ಕೇನಾಗಿದೆ?’ ಎಂದರು. ಏನೂ ಆಗಿರಲಿಲ್ಲ. ಐದು ಜನರನ್ನು ಹೊತ್ತು, ಎಸಿ ಹಾಕಿಕೊಂಡು, ಹತ್ತಬೇಕಾದ ರೀತಿಯಲ್ಲೇ ಹತ್ತುತ್ತಿತ್ತು.

ಮೇಲೆ ಹೋಟೆಲಿನಲ್ಲಿ ಭಾವನನ್ನೂ ಮಗಳನ್ನೂ ಕೂರಿಸಿ, ಉಳಿದವರು ಟರ್ಬೊ ಹತ್ತಿ ಕೆಳಗಿಳಿದೆವು. ಮಗಳ ಜಾಗಕ್ಕೆ ಶೋರೂಮಿನ ಹುಡುಗ ಬಂದಿದ್ದ, ಆದ್ದರಿಂದ ತೂಕ ಹೆಚ್ಚಿತ್ತೇ ಹೊರತು ಕಡಿಮೆಯಿರಲಿಲ್ಲ.

ಎರಡನೇ ಬಾರಿ ಹತ್ತುವಾಗ ಎರಡು ಸಂಗತಿ ಕಂಡವು. ತಿರುವುಗಳ ನಡುವೆ ಟರ್ಬೊ ಬೇರೆಯೇ ಲೋಕ. ಮೂರನೇ ಗೇರಿನಲ್ಲಿ ನಲವತ್ತರ ವೇಗ, ಮುಳ್ಳು ಎರಡು ಸಾವಿರದಲ್ಲಿ, ಹಿಂದೆ ಕುಳಿತ ಅಮ್ಮನ ಮಾತು ಮುಂದೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದರ 172 ನ್ಯೂಟನ್ ಮೀಟರ್ 1,500ರಿಂದಲೇ ಸಿಗುತ್ತದೆ, ಕೆಲಸ ಮಾಡಿದ್ದು ಅದೇ. 120 ಅಶ್ವಶಕ್ತಿ ಎಂದು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ ಸಂಖ್ಯೆಗೆ ಘಾಟಿಯಲ್ಲಿ ನಮಗೆ ಸಂಬಂಧವೇ ಬರಲಿಲ್ಲ. ಟಾರ್ಕ್ ಎಷ್ಟು ಎನ್ನುವುದಕ್ಕಿಂತ ಎಷ್ಟು ಸುತ್ತಿಗೆ ಸಿಗುತ್ತದೆ ಎಂಬುದನ್ನು ನೋಡಿ ಎಂದು ಮಾರಾಟಗಾರರು ಹೇಳುವುದೇ ಇಲ್ಲ, ಅದು ಬ್ರೋಷರಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆದರೆ ತಿರುವಿನೊಳಗೆ, ಮುಳ್ಳು 1,500ಕ್ಕಿಂತ ಕೆಳಗೆ ಜಾರಿದಾಗ, ಅದೇ ಗಾಡಿ ಒಮ್ಮೆಲೇ ಸೋತಂತಾಗುತ್ತಿತ್ತು. ಟರ್ಬೊ ಗಾಳಿ ತುಂಬುವ ತನಕ ಅದು ಬರೀ 998 ಸಿಸಿಯ ಎಂಜಿನ್. ಒಂದು ಕ್ಷಣ ತಡೆದು ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಎರಡು ಕಡೆ ಮೊದಲ ಗೇರಿಗೆ ಇಳಿಯಬೇಕಾಯಿತು.

ಮೈಲೇಜ್? ಪರದೆಯ ಮೇಲೆ ಹತ್ತುವಾಗ ಕಂಡದ್ದು ಎರಡರಲ್ಲೂ ಒಂದಂಕಿಯೇ, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಜನ ತುಂಬಿದ ಕಾರು ಸುಮಾರು 1,400 ಕಿಲೋ. ಅದನ್ನು ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 70 ಲಕ್ಷ ಜೂಲ್. ಲೀಟರ್ ಪೆಟ್ರೋಲಿನಲ್ಲಿ ಮೂರು ಕೋಟಿಗೂ ಮಿಕ್ಕಿ ಜೂಲ್ ಇದ್ದರೂ ಎಂಜಿನ್ ಚಕ್ರಕ್ಕೆ ಮುಟ್ಟಿಸುವುದು ಅದರ ಕಾಲು ಭಾಗ. ಅಂದರೆ ಎತ್ತುವುದಕ್ಕೇ ಮುಕ್ಕಾಲು ಲೀಟರಿಗೂ ಮಿಕ್ಕಿ ಹೋಗುತ್ತದೆ. ಗಾಡಿ ಯಾವುದಾದರೂ ಬೆಟ್ಟ ತನ್ನ ಪಾಲನ್ನು ವಸೂಲು ಮಾಡಿಯೇ ಬಿಡುತ್ತದೆ. ಕಂಪನಿಗಳು ಹೇಳುವ ಇಪ್ಪತ್ತೆರಡು, ಹದಿನೆಂಟು ಎಂಬ ಅಂಕಿಗಳು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಗಾಡಿ ಓಡಿಸಿ ಪಡೆದವು. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ಮೀರುವುದಿಲ್ಲ, ಎಸಿಯೂ ಇಲ್ಲ, ಅಮ್ಮನೂ ಇಲ್ಲ. ಎರಡು ಗಾಡಿಗಳನ್ನು ಹೋಲಿಸಲು ಅವು ಸಾಕು, ಬಂಕಿನ ಬಿಲ್ ಊಹಿಸಲು ಸಾಲವು.

ಸ್ವಾರಸ್ಯವೆಂದರೆ ಘಾಟಿಯ ಮೇಲೆ ಪಕ್ಷಾಂತರ ನಡೆದಿತ್ತು. ಅಪ್ಪಯ್ಯ ಚಹಾ ಕುಡಿಯುತ್ತಾ, ‘ಇದೇ ಇರಲಿ, ಸದ್ದಿಲ್ಲದೆ ಹತ್ತಿತು’ ಎಂದು ಟರ್ಬೊ ಕಡೆ ಕೈ ತೋರಿಸಿದರು. ಶೋರೂಮಿನ ಹುಡುಗನ ಮುಖ ಅರಳಿತು.

ವಾಪಸು ಬರುವಾಗ ಹೆಂಡತಿ, ‘ನಾನು ಓಡಿಸುತ್ತೇನೆ’ ಎಂದು ಟರ್ಬೊ ಕೀ ತೆಗೆದುಕೊಂಡಳು. ಹೆಬ್ರಿಯಿಂದ ನೇರ ಶೋರೂಮಿಗೆ ಹೋಗದೆ ಮಣಿಪಾಲದ ಟೈಗರ್ ಸರ್ಕಲ್ ಕಡೆ ತಿರುಗಿಸಿದಳು. ಭಾನುವಾರ ಸಂಜೆಯ ದಟ್ಟಣೆ, ಏರು ರಸ್ತೆ, ಅಡಿಯಡಿಗೂ ನಿಲ್ಲುವ ರಿಕ್ಷಾ, ನಡುವೆ ನುಸುಳುವ ಸ್ಕೂಟರ್‌ಗಳು. ಟರ್ಬೊ ಅಲ್ಲಿ ತನ್ನ ಸ್ವಭಾವ ತೋರಿಸಿತು. ಕ್ಲಚ್ ಬಿಟ್ಟರೆ ಮುಗ್ಗರಿಸುತ್ತದೆ, ಸ್ವಲ್ಪ ಒತ್ತಿದರೆ ಮುಂದಿನ ಗಾಡಿಯ ಬೆನ್ನಿಗೆ ಹಾರುತ್ತದೆ. ಭಾವನ ಕಾರಿಗೆ ಬದಲಿಸಿ ಅದೇ ಸುತ್ತನ್ನು ಇನ್ನೊಮ್ಮೆ ಹಾಕಿದಳು. ಇಳಿದು ಹೇಳಿದ್ದು ಇಷ್ಟೇ: ‘ಘಾಟಿ ಇರುವುದು ತಿಂಗಳಿಗೊಮ್ಮೆ, ಟೈಗರ್ ಸರ್ಕಲ್ ದಿನಾ ಇದೆ. ದಿನಾ ಓಡಿಸುವವಳು ನಾನು.’

ನಿಜಕ್ಕೂ ಅಷ್ಟು ದಿನ ನಾನೂ ಅಪ್ಪಯ್ಯನೂ ವಾದಿಸಿದ್ದು ಊರಿಗೆ ಹೋಗುವ ದಾರಿಯ ಬಗ್ಗೆ ಮಾತ್ರ. ರಾತ್ರಿ ಕೂತು ಉಳಿದ ಲೆಕ್ಕವನ್ನೂ ಹಾಕಿದೆವು. ತಿಂಗಳಿಗೆ 800 ಕಿಲೋಮೀಟರ್. ಊರೊಳಗೆ ಒಂದು ಹದಿನೈದು, ಇನ್ನೊಂದು ಹದಿಮೂರು ಕೊಟ್ಟರೆ ವ್ಯತ್ಯಾಸ ಎಂಟು ಲೀಟರ್, ಅಂದರೆ ಎಂಟುನೂರು ಚಿಲ್ಲರೆ ರೂಪಾಯಿ. ವರ್ಷಕ್ಕೆ ಹತ್ತು ಸಾವಿರ. ಇದಕ್ಕಿಂತ ದೊಡ್ಡ ಹೊಡೆತ ರಸ್ತೆ ತೆರಿಗೆಯದು. ಕರ್ನಾಟಕದಲ್ಲಿ ಕಾರಿನ ಬೆಲೆ ಐದರಿಂದ ಹತ್ತು ಲಕ್ಷದೊಳಗಿದ್ದರೆ ಶೇ 14, ಹತ್ತು ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ 17, ಸೆಸ್ ಬೇರೆ. 9.80 ಲಕ್ಷದ ಗಾಡಿಗೆ 1.37 ಲಕ್ಷ ಕಟ್ಟಿದರೆ 11 ಲಕ್ಷದ ಗಾಡಿಗೆ 1.87 ಲಕ್ಷ. ಮೈಲೇಜಿನಲ್ಲಿ ಐದು ವರ್ಷ ಕಳೆದುಕೊಳ್ಳುವ ಹಣ ನೋಂದಣಿಯ ದಿನವೇ ಹೋಗಿಬಿಡುತ್ತದೆ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರಾಗಿದ್ದರೆ, ಹೆಬ್ರಿಯಂಥ ರಸ್ತೆಯಲ್ಲಿ ದಿನಾ ಪಿಕಪ್‌ಗಳನ್ನು ಹಿಂದಿಕ್ಕಬೇಕಾದವರಾಗಿದ್ದರೆ, ಆ ಹಣ ಕೊಟ್ಟರೂ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ. ಎದುರು ಪಥದಲ್ಲಿ ಕಳೆಯುವ ಸೆಕೆಂಡುಗಳು ಎಷ್ಟು ಕಡಿಮೆಯಾದರೂ ಲಾಭವೇ.

ನಾವು ಕೊಂಡದ್ದು 1,197 ಸಿಸಿಯದ್ದನ್ನು. ಅದನ್ನು ಮೊದಲ ಬಾರಿ ಆಗುಂಬೆ ಹತ್ತಿಸಿದ್ದೂ ಅವಳೇ. ಎರಡನೇ ಗೇರಿನಿಂದ ಮೇಲೆ ಹೋಗುವ ಆಸೆಯನ್ನೇ ಮಾಡಲಿಲ್ಲ, ಎಂಜಿನ್ ಗೊರಗುಟ್ಟಿದರೆ ಗೊರಗುಟ್ಟಲಿ ಎಂದು ಬಿಟ್ಟಳು. ಪಕ್ಕದಲ್ಲಿದ್ದ ಅಪ್ಪಯ್ಯ ಮಾತ್ರ ಪ್ರತಿ ತಿರುವು ದಾಟಿದಾಗಲೂ, ‘ಅದಾಗಿದ್ದರೆ ಇಲ್ಲಿ ಮೂರಕ್ಕೆ ಹಾಕಬಹುದಿತ್ತು’ ಎನ್ನುತ್ತಿದ್ದರು.