"ಎಲ್ಲಾ ಮಾಡೋದಾ?" ಅಂತ ಕೇಳೋದು ಬಿಟ್ಟೆ

ಎಮರ್ಜೆನ್ಸಿ ವಾರ್ಡ್‌ಗೆ ಡಾಕ್ಟರ್ ಆಗಿ ಸೇರಿದ ಹೊಸತರಲ್ಲಿ ವಯಸ್ಸಾದವರ ಮನೆಯವರನ್ನು ಹೀಗೆ ಕೇಳುತ್ತಿದ್ದೆ: "ಸೀರಿಯಸ್ ಇದೆ. ಎಲ್ಲಾ ಮಾಡೋದಾ?" ಅಪ್ಪ ಏದುಸಿರು ಬಿಡುತ್ತಿರುವಾಗ ಯಾವ ಮಗ ಬೇಡ ಅಂತಾನೆ? ಪ್ರಶ್ನೆಯೇ ತಪ್ಪು.

ಎಂಬತ್ತು ದಾಟಿದ ಒಬ್ಬರು. ಕ್ಯಾನ್ಸರ್ ಲಿವರ್‌ಗೂ ಹರಡಿತ್ತು. ಮಗ ತಲೆಯಾಡಿಸಿದರು, ನಾನು ಗಂಟಲಿಗೆ ಟ್ಯೂಬ್ ಹಾಕಿದೆ. ಟ್ಯೂಬ್ ಅಂದ ಮೇಲೆ ವೆಂಟಿಲೇಟರ್, ಐಸಿಯು. ಬಿಪಿ ಇಳಿಯಿತು, ಅದಕ್ಕೊಂದು ಔಷಧಿ. ಕಿಡ್ನಿ ಕೈಕೊಟ್ಟಿತು, ಡಯಾಲಿಸಿಸ್. ಒಂದೊಂದೂ ಸಣ್ಣ ನಿರ್ಧಾರ, ಒಂದೊಂದಕ್ಕೂ ಬೇರೆ ಬಿಲ್. ಟ್ಯೂಬ್ ಕಿತ್ತುಕೊಳ್ಳದಿರಲಿ ಅಂತ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದೆವು. ಒಂಬತ್ತನೇ ದಿನ ತೀರಿಕೊಂಡರು.

ಮಗ ನನ್ನನ್ನು ಹುಡುಕಿಕೊಂಡು ಬಂದರು. "ಹೀಗೇ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಡಾಕ್ಟ್ರೇ?"

ಗೊತ್ತಿತ್ತು.

ಈಗ ಇಂಥವರು ಬಂದರೆ ಮೊದಲು ಸಂಕಟ ಇಳಿಸುತ್ತೇನೆ. ಸಣ್ಣ ಡೋಸ್ ಮಾರ್ಫಿನ್ ಕೊಟ್ಟರೆ ಏದುಸಿರಿನ ಒದ್ದಾಟ ಎಷ್ಟೋ ಕಮ್ಮಿಯಾಗುತ್ತದೆ. ಮಾತಾಡುವ ಸ್ಥಿತಿಯಲ್ಲಿದ್ದರೆ ಅವರನ್ನೇ ಕೇಳುತ್ತೇನೆ. ಇಲ್ಲದಿದ್ದರೆ ಕುರ್ಚಿ ಎಳೆದುಕೊಂಡು ಮನೆಯವರ ಹತ್ತಿರ ಕೂರುತ್ತೇನೆ: "ಇವರಿಗೆ ಈಗ ಮಾತು ಬಂದಿದ್ದರೆ ಏನು ಹೇಳುತ್ತಿದ್ದರು?" ಸ್ವಲ್ಪ ಹೊತ್ತು ಯಾರೂ ಬಾಯಿಬಿಡಲ್ಲ. ಆಮೇಲೆ ಒಬ್ಬರು, "ಆಸ್ಪತ್ರೆ ಸಹವಾಸ ಸಾಕು ಅಂತಿದ್ದರು" ಅಂತಾರೆ.

ಹೃದಯ ನಿಂತರೆ ಎದೆ ಒತ್ತುವುದು ಅಂದರೇನು ಅಂತಲೂ ಬಿಡಿಸಿ ಹೇಳುತ್ತೇನೆ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಮೂಳೆ ಸವೆದವರ ಪಕ್ಕೆಲುಬು ಮುರಿಯುವುದು ಕೈಗೇ ಗೊತ್ತಾಗುತ್ತದೆ. ಟಿವಿಯಲ್ಲಿ ಇದನ್ನು ತೋರಿಸಲ್ಲ ಅಲ್ವಾ.

ದುಡ್ಡಿನ ಮಾತನ್ನೂ ನಾನೇ ಎತ್ತುತ್ತೇನೆ. ಮಕ್ಕಳು ಎತ್ತಿದರೆ ಅಪ್ಪನ ಜೀವಕ್ಕೆ ಲೆಕ್ಕ ಹಾಕಿದ ಹಾಗಾಗುತ್ತೆ ಅಂತ ಅವರಿಗೆ ಅಳುಕು.

ವಯಸ್ಸು ನೋಡಿ ಕೈಬಿಡಬೇಕು ಅಂತ ಹೇಳುತ್ತಿಲ್ಲ. ಗಟ್ಟಿಮುಟ್ಟಾಗಿದ್ದವರಿಗೆ ತೀವ್ರ ನ್ಯುಮೋನಿಯಾ ಬಂದರೆ ಐಸಿಯು ಬೇಕೇ ಬೇಕು. ನಿರ್ಧಾರ ಮಾಡಲು ಆಗುತ್ತಲೇ ಇಲ್ಲ ಅಂದರೆ 48 ಗಂಟೆ ಅಂತ ಗಡುವು ಇಟ್ಟುಕೊಂಡು ಚಿಕಿತ್ಸೆ ಶುರುಮಾಡುತ್ತೇವೆ. ಏನು ಸುಧಾರಿಸಿದರೆ ಮುಂದುವರಿಸೋದು, ಏನು ಆಗದಿದ್ದರೆ ನಿಲ್ಲಿಸೋದು ಅಂತ ಮೊದಲೇ ಕೇಸ್ ಶೀಟ್‌ನಲ್ಲಿ ಬರೆದಿಡುತ್ತೇವೆ.

ಮೊನ್ನೆ ಒಬ್ಬ ಅಜ್ಜಿಯ ಮನೆಯವರು ಟ್ಯೂಬ್ ಬೇಡ ಅಂದರು. ಮಗಳು ಆಮೇಲೆ ಕೇಳಿದ್ದು ಒಂದೇ: "ಈ ಕಂಬಿ ಇಳಿಸಬಹುದಾ? ಅಮ್ಮನ ಕೈ ಹಿಡ್ಕೋಬೇಕು." ಇಳಿಸಿದೆ.