ಸ್ಟುಟ್‌ಗಾರ್ಟ್‌ನಲ್ಲಿ ಕಿಡಿಯ ಜಾಡು ಹಿಡಿದು

ಸ್ಟುಟ್‌ಗಾರ್ಟ್‌ಗೆ ಹೋದವರು ಮರ್ಸಿಡಿಸ್ ಮ್ಯೂಸಿಯಂ ನೋಡದೆ ಬರುವುದು ಕಡಿಮೆ. ನಾನೂ ನೋಡಿದೆ. ಲಿಫ್ಟ್‌ನಲ್ಲಿ ತುತ್ತತುದಿಗೆ ಹೋಗಿ, ಸುತ್ತುತ್ತಾ ಕೆಳಗಿಳಿಯಬೇಕು. ಚೆನ್ನಾಗಿದೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಬಾಡ್ ಕಾನ್‌ಸ್ಟಾಟ್ ಪಾರ್ಕಿನ ಹತ್ತಿರದ ಪುಟ್ಟ ತೋಟದ ಮನೆ. ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಖ್ ವೇಗವಾಗಿ ತಿರುಗುವ ಪೆಟ್ರೋಲ್ ಎಂಜಿನ್ ಮಾಡಿದ್ದು ಇಲ್ಲೇ. ಬಾಗಿಲು ಹಾಕಿಕೊಂಡು ಏನೋ ಕುಟ್ಟುತ್ತಿದ್ದರಂತೆ. ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆ ಅಂದುಕೊಂಡ ತೋಟದ ಮಾಲಿ ಪೊಲೀಸರಿಗೇ ಹೇಳಿಬಿಟ್ಟ. ಹುಡುಕಿದರೆ ಸಿಕ್ಕಿದ್ದು ಬರೀ ಎಂಜಿನ್!

ಆ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಬರ್ನರ್ ಉರಿಯಲ್ಲಿ ಕಾದು ಕೆಂಪಾದ ಕೊಳವೆಯೇ ಒಳಗಿನ ಪೆಟ್ರೋಲ್ ಆವಿಯನ್ನು ಹೊತ್ತಿಸುತ್ತಿತ್ತು. ಪೆಟ್ರೋಲ್ ಪಕ್ಕದಲ್ಲೇ ಬೆಂಕಿ ಇಟ್ಟುಕೊಂಡು ಓಡಿಸುವುದು ಅಂದರೆ ಧೈರ್ಯ ಬೇಕು, ಅಲ್ವಾ?

ಅಲ್ಲಿಂದ ಎಸ್-ಬಾನ್ ರೈಲು ಹತ್ತಿ ಫಾಯರ್‌ಸೇ ನಿಲ್ದಾಣದಲ್ಲಿ ಇಳಿದೆ. ಮೇಲೆ ಬಂದರೆ ರೋಟೆಬ್ಯೂಲ್ ರಸ್ತೆ. 1886ರ ನವೆಂಬರ್‌ನಲ್ಲಿ ರಾಬರ್ಟ್ ಬಾಷ್ ವರ್ಕ್‌ಶಾಪ್ ತೆರೆದದ್ದು ಈ ರಸ್ತೆಯಲ್ಲಿ. ಮರುವರ್ಷವೇ ನಿಂತಲ್ಲೇ ಓಡುವ ಎಂಜಿನ್‌ಗಳಿಗೆ ಮ್ಯಾಗ್ನೆಟೋ, ಅಂದರೆ ಅಯಸ್ಕಾಂತದ ನೆರವಿನಿಂದ ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಸಾಧನ, ಮಾಡಿಕೊಟ್ಟರು. 1897ರಲ್ಲಿ ಅದನ್ನು ಮೂರು ಗಾಲಿಯ ಗಾಡಿಗೂ ಕೂರಿಸಿದರು. ತೊಂದರೆ ಒಂದೇ. ಸಿಲಿಂಡರ್ ಒಳಗೆ ಎರಡು ಲೋಹದ ತುದಿಗಳು ಕೂಡಿ, ಬಿಟ್ಟಾಗ ಕಿಡಿ ಹಾರಬೇಕು. ಅದಕ್ಕೆ ಹೊರಗಿನಿಂದ ಸರಳು, ಸನ್ನೆ, ಸ್ಪ್ರಿಂಗ್. ಎಂಜಿನ್‌ಗೆ ತಕ್ಕಂತೆ ಅದನ್ನೆಲ್ಲ ಹೊಂದಿಸಬೇಕು.

ಈ ತಲೆನೋವು ತಪ್ಪಿಸಿದ್ದು ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್. ಬಾಷ್ ಹತ್ತಿರ ಹುಡುಗನಾಗಿ ಕೆಲಸ ಕಲಿತು, ಓದಿ ವಾಪಸ್ ಬಂದವರು. ಮ್ಯಾಗ್ನೆಟೋದಲ್ಲಿ ಎರಡು ಬೇರೆ ಬೇರೆ ತಂತಿ ಸುರುಳಿ ಸುತ್ತಿ ವೋಲ್ಟೇಜ್ ಏರಿಸಿದರು. 1902ರಲ್ಲಿ ಜೊತೆಗೊಂದು ಸ್ಪಾರ್ಕ್ ಪ್ಲಗ್ ಬಂತು. ಕಿಡಿ ಗ್ಯಾಪನ್ನು ತಾನೇ ಹಾರಿತು. ಸಿಲಿಂಡರ್ ಒಳಗೆ ಅಲ್ಲಾಡುವ ಭಾಗವೇ ಬೇಡವಾಯಿತು.

ಎಂಜಿನ್ ಯಾರದ್ದೇ ಇರಲಿ, ತಿರುಪಿನ ಮರೆ ಸರಿಹೊಂದಿದರೆ ಪ್ಲಗ್ ಕೂರುತ್ತದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದರೆ ಮುಗಿಯಿತು. ಕಾರು ಕಂಪನಿಯನ್ನು ಕೇಳಬೇಕಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ ಜೆಸಿ ರೋಡ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಮೂಲ ಪುರುಷ ಹೊನೋಲ್ಡ್ ಅವರೇ. ಆಮೇಲೆ ಬಾಷ್ ಕಂಪನಿಯಿಂದ 1913ರಲ್ಲಿ ಹೆಡ್‌ಲೈಟ್, 1921ರಲ್ಲಿ ಹಾರ್ನ್, 1926ರಲ್ಲಿ ವೈಪರ್ ಬಂದವು. 1951ರಲ್ಲಿ ಬಾಷ್ ಸಹಯೋಗದ ಮೈಕೋ ಕಂಪನಿ ಬೆಂಗಳೂರಿಗೂ ಬಂತು. 'ಮೈಕೋ ಪ್ಲಗ್ ಕೊಡಿ' ಅಂತ ಕೇಳಿದ ಮೆಕ್ಯಾನಿಕ್‌ಗಳಿಗೆ ಹೊನೋಲ್ಡ್ ಹೆಸರು ಎಲ್ಲಿಂದ ಗೊತ್ತಿರಬೇಕು?

1923ರಲ್ಲಿ ತೀರಿಕೊಂಡಾಗ ಅವರಿಗೆ 46 ವರ್ಷ. ಬಾಷ್ ಡಬ್ಬಿಗಳ ಮೇಲೆ ವೃತ್ತದೊಳಗೆ ಕಾಣುವ ಚಿಹ್ನೆ ಇದೆಯಲ್ಲ, ಅದು ಮ್ಯಾಗ್ನೆಟೋದೊಳಗೆ ತಿರುಗುವ, ತಂತಿ ಸುತ್ತುವ ಭಾಗವಾದ ಆರ್ಮೇಚರ್‌ನ ಚಿತ್ರ. 1918ರಲ್ಲಿ ಅದನ್ನು ಬರೆದವರೂ ಹೊನೋಲ್ಡ್ ಅವರೇ.